ವಿಂಬಲ್ಡನ್ ಹೆಸರಲ್ಲಿ ಕ್ರೋಕೆ ಯಾಕಿದೆ?

ಪ್ರಶ್ನೆ: ವಿಂಬಲ್ಡನ್ ಟೆನಿಸ್ ನಡೆಸುವ ಕ್ಲಬ್ಬಿನ ಪೂರ್ತಿ ಹೆಸರು ‘ಆಲ್ ಇಂಗ್ಲೆಂಡ್ ಲಾನ್ ಟೆನಿಸ್ ಅಂಡ್ ಕ್ರೋಕೆ ಕ್ಲಬ್’ ಅಂತ ಓದಿದೆ. ಈ ಕ್ರೋಕೆ ಅಲ್ಲಿಗೆ ಹೇಗೆ ಬಂತು?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಆಮೇಲೆ ಬಂದಿದ್ದು ಟೆನಿಸ್ ಕಣ್ರೀ. ಕ್ರೋಕೆ, ಅಂದರೆ ಹುಲ್ಲುಹಾಸಿನ ಮೇಲೆ ಕೊಡತಿಯಿಂದ ಚೆಂಡು ಹೊಡೆದು ಕಮಾನು ದಾಟಿಸುವ ಆಟ, ಮೊದಲಿಂದಲೂ ಅಲ್ಲೇ ಇತ್ತು. 1868ರಲ್ಲಿ ಶುರುವಾದಾಗ ಅದು ಬರೀ ‘ಆಲ್ ಇಂಗ್ಲೆಂಡ್ ಕ್ರೋಕೆ ಕ್ಲಬ್’. ಐರ್ಲೆಂಡಿನಿಂದ 1850ರ ದಶಕದಲ್ಲಿ ಇಂಗ್ಲೆಂಡಿಗೆ ಬಂದ ಈ ಆಟ ಹತ್ತೇ ವರ್ಷದಲ್ಲಿ ಅನುಕೂಲಸ್ಥರ ಮನೆಯಂಗಳ ತುಂಬಿಬಿಟ್ಟಿತ್ತು. ಹುಲ್ಲು ಕತ್ತರಿಸುವ ಯಂತ್ರಕ್ಕೆ 1830ರಲ್ಲೇ ಪೇಟೆಂಟ್ ಸಿಕ್ಕಿತ್ತು, ಹಾಗಾಗಿ ಚಾಪೆಯಂಥ ನುಣುಪು ಹುಲ್ಲುಹಾಸು ಆ ಹೊತ್ತಿಗೆ ಅಷ್ಟು ಕಷ್ಟದ ಮಾತಾಗಿರಲಿಲ್ಲ.

ಆ ಹುಲ್ಲುಹಾಸೇ ಕ್ರೋಕೆಗೆ ಮುಳುವಾಯಿತು. 1870ರ ದಶಕದಲ್ಲಿ ಲಾನ್ ಟೆನಿಸ್ ಬಂತು, ಅದಕ್ಕೂ ಅಂಥದೇ ನೆಲ ಬೇಕಿತ್ತು. 1875ರಲ್ಲಿ ಕ್ಲಬ್‌ನವರು ಟೆನಿಸ್‌ಗೂ ಜಾಗ ಕೊಟ್ಟರು. 1877ರಲ್ಲಿ ಮೊದಲ ಟೆನಿಸ್ ಚಾಂಪಿಯನ್‌ಷಿಪ್ ನಡೆಸಿದರು, ನೆಲ ಸಮ ಮಾಡಲು ಕುದುರೆ ಎಳೆಯುತ್ತಿದ್ದ ಉರುಳೆಯ ರಿಪೇರಿಗೆ ದುಡ್ಡು ಬೇಕಿತ್ತು ಅಂತ ಹೇಳುತ್ತಾರೆ. ಐದೇ ವರ್ಷ, 1882ರಲ್ಲಿ ಹೆಸರಿನಿಂದ ‘ಕ್ರೋಕೆ’ಯನ್ನೇ ತೆಗೆದುಹಾಕಿದರು! ಮನೆ ಕಟ್ಟಿದವರನ್ನೇ ಹೊರಗೆ ಹಾಕಿದ ಹಾಗೆ. ನನಗೆ ಈಗಲೂ ಬೇಜಾರಾಗುತ್ತದೆ. 1899ರಲ್ಲಿ ಆ ಪದವನ್ನು ವಾಪಸ್ ಸೇರಿಸಿದರು, ಆದರೆ ಟೆನಿಸ್ ಮುಂದೆ, ಕ್ರೋಕೆ ಹಿಂದೆ.

ಪ್ರಶ್ನೆ: ಆಡೋದು ಹೇಗೆ? ಸುಮ್ನೆ ಚೆಂಡು ತಳ್ಳೋದು ತಾನೇ?
– ಇನ್ನೊಬ್ಬರು, ಶಿರಸಿ

ಉತ್ತರ: ನೋಡಿದರೆ ಹಾಗೇ ಅನಿಸುತ್ತದೆ. ಮರದ ಕೊಡತಿಯಿಂದ ಚೆಂಡನ್ನು ಹೊಡೆದು ಆರು ಕಬ್ಬಿಣದ ಕಮಾನುಗಳೊಳಗೆ ಎರಡೆರಡು ಸಲ ದಾಟಿಸಿ, ಕೊನೆಗೆ ನಡುವಿನ ಗೂಟಕ್ಕೆ ತಾಗಿಸಬೇಕು. ಒಂದು ಕಡೆಗೆ ನೀಲಿ, ಕಪ್ಪು ಚೆಂಡು, ಎದುರಾಳಿಗೆ ಕೆಂಪು, ಹಳದಿ. ಚೆಂಡಿನ ಅಡ್ಡಳತೆ 92 ಮಿಲಿಮೀಟರ್. ದೊಡ್ಡ ಟೂರ್ನಿಗಳಲ್ಲಿ ಕಮಾನಿನ ಕಾಲುಗಳ ನಡುವೆ ಅದಕ್ಕಿಂತ ಬರೀ ಒಂದು ಮಿಲಿಮೀಟರಿನಷ್ಟು ಜಾಸ್ತಿ ಜಾಗ ಇರುತ್ತದೆ. ಕೈ ಒಂಚೂರು ಅಲುಗಿದರೂ ಚೆಂಡು ಕಬ್ಬಿಣಕ್ಕೆ ಟಣ್ ಅಂತ ಬಡಿದು ಅಲ್ಲೇ ನಿಲ್ಲುತ್ತದೆ.

ಮಜಾ ಇರೋದು ಬೇರೆ ಚೆಂಡಿಗೆ ಹೊಡೆಯುವುದರಲ್ಲಿ. ಗೋಲಿಯಾಟದಲ್ಲಿ ಎದುರಿನವನ ಗೋಲಿಯನ್ನು ದೂರ ಚಿಮ್ಮಿಸುತ್ತಿದ್ದೆವಲ್ವಾ, ಆ ಖುಷಿಯೇ ಇಲ್ಲೂ. ನಿಮ್ಮ ಚೆಂಡು ಇನ್ನೊಂದಕ್ಕೆ ತಾಗಿದರೆ ಎರಡನ್ನೂ ಒತ್ತಿಟ್ಟು ಮತ್ತೊಂದು ಏಟು ಹೊಡೆಯಬಹುದು, ಅದಾದ ಮೇಲೆ ಇನ್ನೂ ಒಂದು. ವಿಕ್ಟೋರಿಯಾ ಕಾಲದಲ್ಲಿ ತಮ್ಮ ಚೆಂಡನ್ನು ಕಾಲಲ್ಲಿ ಮೆಟ್ಟಿ ಹಿಡಿದು ಹೊಡೆಯುತ್ತಿದ್ದರು. ತಮ್ಮದು ಅಲುಗುತ್ತಿರಲಿಲ್ಲ, ಎದುರಾಳಿಯದು ಹೋಗಿ ಪೊದೆಗೆ ಬೀಳುತ್ತಿತ್ತು. ಈಗಿನ ಟೂರ್ನಿಗಳಲ್ಲಿ ಹಾಗೆ ಮೆಟ್ಟುವಂತಿಲ್ಲ. ಆದರೆ ಎದುರಾಳಿಯನ್ನು ಅಂಗಳದ ಮೂಲೆಗೆ ಅಟ್ಟಿ ಕೂರಿಸುವ ಲೆಕ್ಕಾಚಾರ ಹಾಗೇ ಉಳಿದಿದೆ, ಅದಕ್ಕೇ ಇದನ್ನು ಬರೀ ತಳ್ಳಾಟ ಅಂದರೆ ನಾನು ಒಪ್ಪಲ್ಲ.

ಪ್ರಶ್ನೆ: ಇದು ಹೆಂಗಸರ ಆಟವಂತೆ, ಹೌದಾ?
– ಮೈಸೂರಿನ ಓದುಗರು

ಉತ್ತರ: ಇಬ್ಬರದೂ. ಈ ಆಟದಲ್ಲಿ ನನಗೆ ತುಂಬಾ ಇಷ್ಟವಾಗೋದೇ ಇದು. ಹೆಣ್ಣುಮಕ್ಕಳಿಗೆ ಬಯಲಲ್ಲಿ ಆಡುವ ಅವಕಾಶವೇ ಕಡಿಮೆ ಇದ್ದ ಕಾಲದಲ್ಲಿ, ಉದ್ದ ಲಂಗ ತೊಟ್ಟೇ ಅವರು ಗಂಡಸರ ಎದುರು ನಿಂತು, ಅದೇ ಕೊಡತಿ, ಅದೇ ಚೆಂಡು, ಅದೇ ನಿಯಮದಲ್ಲಿ ಆಡಿದರು. 1900ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಹೆಂಗಸರು ಆಡಿದಾಗ, ಕ್ರೋಕೆ ಅಂಗಳದಲ್ಲೂ ಫ್ರಾನ್ಸಿನ ಮೂವರು ಇದ್ದರು. ಇಂಗ್ಲೆಂಡಿನ ಓಪನ್ ಚಾಂಪಿಯನ್‌ಷಿಪ್ಪನ್ನು 1905ರಲ್ಲಿ ಲಿಲಿ ಗವರ್ ಗೆದ್ದರು. ಆಮೇಲೆ ಡೊರೊತಿ ಸ್ಟೀಲ್ ಅದನ್ನೇ ನಾಲ್ಕು ಸಲ ಗೆದ್ದರು, 1925, 1933, 1935, 1936ರಲ್ಲಿ. ಅದು ಹೆಂಗಸರಿಗೆಂದೇ ಇಟ್ಟಿದ್ದ ಪ್ರಶಸ್ತಿಯಲ್ಲ, ಗಂಡಸರೂ ಆಡುತ್ತಿದ್ದ ಓಪನ್.