ಏರುತ್ತಿರುವ ಗಗನಚುಂಬಿಯನ್ನು ಅದರ ವಿನ್ಯಾಸದ ಚಿತ್ರದೊಂದಿಗೆ ಹೋಲಿಸುವುದು ಹೇಗೆ?

ದುಬೈಯಿಂದ ಮಗ ಕಳುಹಿಸುವ ಫೋಟೋಗಳಲ್ಲಿ ಹೊಸ ಗಗನಚುಂಬಿಯು ಕರಪತ್ರದ ಚಿತ್ರದಂತೆ ಏಕೆ ಕಾಣುವುದಿಲ್ಲ ಎಂದು ಕೇಳಿದ್ದೀರಿ. ಕಟ್ಟಡ ಏರುವ ಕ್ರಮವೇ ಇದಕ್ಕೆ ಮುಖ್ಯ ಕಾರಣ. ಲಿಫ್ಟು ಮತ್ತು ಮೆಟ್ಟಿಲುಗಳನ್ನು ಒಳಗೊಂಡ ನಡುವಿನ ಕಾಂಕ್ರೀಟ್ ಭಾಗವು ಸಾಮಾನ್ಯವಾಗಿ ಕೆಲವು ಮಹಡಿ ಮುಂದಾಗಿ ಏರುತ್ತದೆ. ಅದರ ಹಿಂದೆ ಸ್ಲ್ಯಾಬುಗಳು, ಇನ್ನೂ ಕೆಳಗೆ ಗಾಜಿನ ಹೊದಿಕೆ ಬರುತ್ತವೆ. 2004ರಲ್ಲಿ ಆರಂಭವಾಗಿ 2010ರ ಜನವರಿಯಲ್ಲಿ ಉದ್ಘಾಟನೆಯಾದ, 828 ಮೀಟರ್ ಎತ್ತರದ ಬುರ್ಜ್ ಖಲೀಫಾದಲ್ಲಿ ನಡುವಿನ ಭಾಗದಿಂದ ಮೂರು ದಿಕ್ಕಿಗೆ ಚಾಚಿದ ರೆಕ್ಕೆಗಳು ಮೇಲೇರಿದಂತೆ ಸರದಿಯಲ್ಲಿ ಹಿಂದೆ ಸರಿಯುವುದರಿಂದ, ಅದರ ಮೊನಚು ರೂಪ ಕೆಳಗಿನ ಮಹಡಿಗಳಷ್ಟೇ ನಿಂತಿದ್ದಾಗ ಊಹೆಗೆ ಸಿಗುವಂತಿರಲಿಲ್ಲ.

ಆದುದರಿಂದ ಬಣ್ಣ, ಹೊಳಪುಗಳನ್ನು ಹೋಲಿಸಬೇಡಿ. ಒಂದೇ ಜಾಗದಿಂದ, ಜೂಮ್ ಬದಲಿಸದೆ, ತಿಂಗಳಿಗೊಂದು ಫೋಟೋ ತೆಗೆಯಲು ಮಗನಿಗೆ ಹೇಳಿ. ಮಹಡಿಗಳ ಸಂಖ್ಯೆ, ಕಂಬಗಳ ಅಂತರ, ಬಾಲ್ಕನಿ ಎಷ್ಟು ಚಾಚಿದೆ ಎಂಬುದನ್ನು ನಕ್ಷೆಯೊಂದಿಗೆ ತಾಳೆ ಹಾಕಿ.

ಚಿತ್ರದಲ್ಲಿ ಎಂದೂ ಕಾಣದ ಸಂಗತಿಯೊಂದು ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಕಾರವಾರದಲ್ಲಿ ನಮ್ಮ ಮನೆಯೆದುರು ಏಳು ಮಹಡಿಯ ಕಟ್ಟಡ ಏರುವಾಗ, ಸೆಂಟ್ರಿಂಗ್ ಹಲಗೆಯ ಮೇಲೆ ಹೆಣೆದ ಸರಳುಗಳ ಕೆಳಗೆ ಮೇಸ್ತ್ರಿಯವರು ಪುಟ್ಟ ಕವರ್ ಬ್ಲಾಕುಗಳನ್ನು, ಅಂದರೆ ಸರಳು ಹಲಗೆಗೆ ತಾಗದೆ ಸುತ್ತಲೂ ಕಾಂಕ್ರೀಟ್ ತುಂಬುವಂತೆ ಅದನ್ನು ಎತ್ತಿ ಹಿಡಿಯುವ ತುಂಡುಗಳನ್ನು, ಒಂದೊಂದಾಗಿ ಇಡುತ್ತಿದ್ದುದನ್ನು ಹತ್ತಿರದಿಂದ ನೋಡಿದ್ದೇನೆ. ಕಡಲತಡಿಯ ಉಪ್ಪುಗಾಳಿಗೆ ತೆರೆದ ಕಾಂಕ್ರೀಟಿನಲ್ಲಿ ಸರಳಿನ ಮೇಲೆ ಕನಿಷ್ಠ 45 ಮಿಲಿಮೀಟರ್ ಕಾಂಕ್ರೀಟ್ ಹೊದಿಕೆ ಇರಬೇಕೆಂದು ಕಾಂಕ್ರೀಟ್ ಕಟ್ಟಡಗಳ ನಿಯಮಾವಳಿಯಾದ ಭಾರತೀಯ ಮಾನಕ 456 (IS 456) ಹೇಳುತ್ತದೆ. ಅದು ಕಡಿಮೆಯಾದರೆ ಸರಳು ಬೇಗ ತುಕ್ಕು ಹಿಡಿದು ಉಬ್ಬಿ, ಬಾಲ್ಕನಿಯ ಅಡಿಭಾಗದ ಕಾಂಕ್ರೀಟ್ ಚಕ್ಕೆಯಾಗಿ ಉದುರುತ್ತದೆ. ದುಬೈಯೂ ಕಡಲತಡಿಯ ಊರೇ. ಮಗನಿಗೆ ಅವಕಾಶವಿದ್ದರೆ ಸರಳು ಕಟ್ಟುವ ಹಂತದ ಫೋಟೋವನ್ನೂ ಕೇಳಿ.