ಹಳೆಯ ಜೆಟ್ ಸ್ಕೀಯೊಳಗೆ ನೀರು ಸೇರದಂತೆ ಮಾಡುವುದು ಹೇಗೆ?

ಪ್ರಶ್ನೆ: ಗೋವಾದಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಓಡುತ್ತಿದ್ದ, ಇಬ್ಬರು ಕೂರುವ ಹಳೆಯ ಟೂ-ಸ್ಟ್ರೋಕ್ ಜೆಟ್ ಸ್ಕೀಯೊಂದನ್ನು ಕೊಂಡು ತಂದಿದ್ದೇನೆ. ತುಂಗಭದ್ರಾ ಹಿನ್ನೀರಿನಲ್ಲಿ ಸ್ವಲ್ಪ ಹೊತ್ತು ಓಡಿಸಿ ದಡಕ್ಕೆ ತಂದರೆ ಸೀಟಿನ ಕೆಳಗೆ ಎರಡು ಬಕೆಟ್‌ನಷ್ಟು ನೀರು ನಿಂತಿರುತ್ತದೆ. ಗಾಳಿಯ ಕಿಂಡಿಗಳನ್ನು ಸಿಲಿಕೋನ್‌ನಿಂದ ಮುಚ್ಚಿ, ಒಂದು ಬ್ಯಾಟರಿ ಪಂಪ್ ಕೂರಿಸಿದರೆ ಸಾಕು ಎಂದು ನಮ್ಮೂರಿನ ಮೆಕ್ಯಾನಿಕ್ ಹೇಳುತ್ತಾರೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ಗಂಗಾವತಿ

ಉತ್ತರ: ಪಂಪ್ ಕೂರಿಸಬಹುದು, ಆದರೆ ಕಿಂಡಿಗಳನ್ನು ಮಾತ್ರ ಯಾವ ಕಾರಣಕ್ಕೂ ಮುಚ್ಚಬಾರದು. ಎಂಜಿನ್ ಉಸಿರಾಡುವುದು ಆ ಕಿಂಡಿಗಳಿಂದಲೇ. ಅಷ್ಟೇ ಅಲ್ಲ, ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದ್ದರಿಂದ ಅದು ದೋಣಿಯ ತಳದಲ್ಲೇ ಉಳಿಯುತ್ತದೆ, ಹೊರಹೋಗಲು ದಾರಿಯಿಲ್ಲದಿದ್ದರೆ ಸ್ಟಾರ್ಟರಿನ ಒಂದು ಕಿಡಿ ಸಾಕು, ವಾಹನವೇ ಸ್ಫೋಟಿಸಬಹುದು. ಸಾಣಾಪುರದ ಹರಿಗೋಲಿಗೆ ಡಾಂಬರು ಬಳಿದಂತೆ ಇದಕ್ಕೂ ಮೇಲಿನಿಂದ ಏನನ್ನೋ ಮೆತ್ತಿ ನೀರು ನಿಲ್ಲಿಸುತ್ತೇನೆಂದು ಹೊರಡುವುದು ಸರಿಯಲ್ಲ.

ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂಬುದನ್ನು ಕಂಡುಕೊಳ್ಳಿ. ಇದಕ್ಕೆ ಸುಲಭವಾದ ಉಪಾಯವೆಂದರೆ, ಹೊರಗಿನ ನೀರು ಒಳಗೆ ಬರುವುದನ್ನು ಹುಡುಕುವ ಬದಲು ಒಳಗೇ ನೀರು ಹಾಕಿ ಅದು ಹೊರಗೆ ಎಲ್ಲಿ ಒಸರುತ್ತದೆ ಎಂದು ನೋಡುವುದು. ವಾಹನವನ್ನು ಟ್ರೇಲರ್ ಮೇಲೆಯೇ ಇಟ್ಟು, ಬ್ಯಾಟರಿಯನ್ನು ತೆಗೆದು, ಹಿಂಬದಿಯ ಡ್ರೇನ್ ಪ್ಲಗ್‌ಗಳನ್ನು ಬಿಗಿ ಮಾಡಿ, ಎಂಜಿನ್ನಿನಿಂದ ಹಿಂಬದಿಯ ಜೆಟ್ ಪಂಪಿಗೆ ಹೋಗುವ, ತಿರುಗುವ ಕಂಬಿ, ಅಂದರೆ ಡ್ರೈವ್ ಶಾಫ್ಟ್ ಮುಳುಗುವಷ್ಟು ಮಾತ್ರ ನೀರು ಸುರಿಯಿರಿ. ಕಾರ್ಬುರೇಟರ್ ಮತ್ತು ವಿದ್ಯುತ್ ಪೆಟ್ಟಿಗೆಯ ಮಟ್ಟಕ್ಕೆ ನೀರು ಏರಬಾರದು. ಕೆಳಭಾಗವನ್ನು ಬಟ್ಟೆಯಿಂದ ಒರೆಸಿ ಒಣಗಿಸಿ, ಪ್ಲಗ್‌ಗಳ ಸುತ್ತ, ನೀರನ್ನು ಹಿಂದಕ್ಕೆ ಚಿಮ್ಮಿಸಿ ವಾಹನವನ್ನು ಓಡಿಸುವ ಜೆಟ್ ಪಂಪ್ ಕೂರುವ ಜಾಗದಲ್ಲಿ, ತಳದ ತಗಡಿನ ಬೋಲ್ಟ್‌ಗಳ ಬಳಿ ಮತ್ತು ಶಾಫ್ಟ್ ಹೊರಬರುವ ರಂಧ್ರದ ಸುತ್ತ ಸೀಮೆಸುಣ್ಣದ ಪುಡಿಯನ್ನು ಹಚ್ಚಿದರೆ, ಸೂಜಿಯ ಮೊನೆಯಷ್ಟು ಸೋರಿಕೆಯಿದ್ದರೂ ಬಿಳಿಯ ಮೇಲೆ ಕಪ್ಪು ಗೆರೆಯಾಗಿ ಇಳಿದು ತಾನಾಗಿ ತೋರಿಸಿಕೊಡುತ್ತದೆ.

ಹಳೆಯ ವಾಹನಗಳಲ್ಲಿ ಹೆಚ್ಚಾಗಿ ಸಿಕ್ಕಿಬೀಳುವುದು ಶಾಫ್ಟ್‌ನ ಸೀಲ್. ಕೆಲವು ಮಾದರಿಗಳಲ್ಲಿ ರಬ್ಬರಿನ ಬೆಲ್ಲೋ (ಮಡಿಕೆ ಮಡಿಕೆಯಾದ ತೋಳು) ಒಂದು ಕಾರ್ಬನ್ ಉಂಗುರವನ್ನು ಸ್ಟೀಲ್ ಉಂಗುರಕ್ಕೆ ಒತ್ತಿ ಹಿಡಿದಿರುತ್ತದೆ. ಇನ್ನು ಕೆಲವುಗಳಲ್ಲಿ ಬೇರಿಂಗ್ ಮನೆಯೊಳಗೆ ತುಟಿ ಸೀಲ್‌ಗಳಿದ್ದು, ಗ್ರೀಸ್ ತುಂಬಲು ನಿಪ್ಪಲ್ ಇರುತ್ತದೆ. ಮಳೆಗಾಲದ ತುಂಗಭದ್ರೆಯ ಕೆಂಪು ನೀರಿನಲ್ಲಿರುವ ಹೂಳು ಈ ಎರಡೂ ಬಗೆಯ ಸೀಲನ್ನು ಉಜ್ಜಿ ಸವೆಸುತ್ತದೆ. ಕಾರ್ಬನ್ ಉಂಗುರದ ಮುಖದಲ್ಲಿ ಉಗುರಿಗೆ ತಾಗುವಷ್ಟು ಗೀರು ಕಂಡರೆ ಅದನ್ನು ಬದಲಿಸಲೇಬೇಕು. ಅದರ ಮೇಲೆ ಎಂ-ಸೀಲ್ ಮೆತ್ತಿದರೆ ತಿರುಗುವ ಭಾಗಕ್ಕೆ ಅದು ನಿಲ್ಲದು.

ನಿಮ್ಮ ವಾಹನ ಸಮುದ್ರದಲ್ಲಿ ದುಡಿದಿರುವುದರಿಂದ ಹೋಸ್ ಕ್ಲಿಪ್‌ಗಳು ತುಕ್ಕು ಹಿಡಿದಿರುವ ಸಂಭವವೂ ಹೆಚ್ಚು. ನಮ್ಮ ಭಾಗದ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ನಿಂತ ರಬ್ಬರ್ ಪೈಪುಗಳು ಬಿರುಕು ಬಿಡುವುದೂ ಹೊಸದಲ್ಲ. ಜೆಟ್ ಪಂಪ್ ಎಂಜಿನ್ ತಂಪಿಗೆಂದು ನೀರನ್ನು ಒತ್ತಡದಲ್ಲಿ ಕಳುಹಿಸುವುದರಿಂದ, ಇಂಥ ಪೈಪು ನಿಂತಾಗ ಸೋರದೆ, ಓಡುವಾಗ ಮಾತ್ರ ಒಳಗೆ ನೀರು ಚಿಮ್ಮಿಸುತ್ತದೆ. ಮೇಲೆ ಹೇಳಿದ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ. ಆದ್ದರಿಂದ ಒಳಗಿನ ನೀರನ್ನು ಬಸಿದು, ಬ್ಯಾಟರಿ ಮರಳಿ ಜೋಡಿಸಿ, ಎಂಜಿನ್ನಿನ ತಂಪಿನ ದಾರಿಯನ್ನು ತೊಳೆಯಲು ಇರುವ ಜೋಡಣೆಗೆ ಮನೆಯ ನಲ್ಲಿಯ ಪೈಪ್ ಸಿಕ್ಕಿಸಿ, ಸೀಟು ತೆಗೆದಿಟ್ಟು ಸ್ವಲ್ಪ ಹೊತ್ತು ಚಾಲೂ ಮಾಡಿ ನೋಡಬೇಕು. ಎಂಜಿನ್ ಚಾಲೂ ಆದ ಮೇಲೆಯೇ ನಲ್ಲಿ ತಿರುಗಿಸಿ. ನಿಲ್ಲಿಸುವಾಗ ನಲ್ಲಿಯನ್ನು ಮೊದಲು ಬಂದ್ ಮಾಡಿ, ಆಮೇಲೆ ಎಂಜಿನ್. ಈ ಕ್ರಮ ತಪ್ಪಿದರೆ ನೀರು ಎಕ್ಸಾಸ್ಟ್ ಮೂಲಕ ಸಿಲಿಂಡರಿಗೇ ಇಳಿಯುತ್ತದೆ. ಶಾಫ್ಟ್‌ನ ಸೀಲಿಗೆ ಕೆರೆಯ ನೀರೇ ತಂಪು, ನಲ್ಲಿಯ ನೀರು ಅಲ್ಲಿಗೆ ತಲುಪುವುದಿಲ್ಲವಾದ್ದರಿಂದ ಒಂದೆರಡು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ.

ಇನ್ನು ಗಾಳಿಯ ಕಿಂಡಿಗಳು. ಅಲೆಯ ನೀರು ಅಲ್ಲಿಂದ ಬರುತ್ತಿದೆ ಎನ್ನುವುದು ಖಚಿತವಾದರೆ, ಒಳಗಿನ ಗಾಳಿ ಕೊಳವೆಯನ್ನು ಅದೇ ಅಳತೆಯ ಕೊಳವೆಯಿಂದ ಮೇಲಕ್ಕೆ ಒಯ್ದು ಒಂದು ಬಾಗು ಕೊಡಿ. ಆಗ ನೀರು ಏರಲಾರದು, ಗಾಳಿಗೆ ಅಡ್ಡಿಯಾಗದು. ಆವಿ ಹೊರಹೋಗಲು ಒಂದು ಕೊಳವೆಯ ಬಾಯಿ ಕೆಳಗೇ ಇರಬೇಕು, ಆದರೆ ತಳದಲ್ಲಿ ನಿಲ್ಲುವ ನೀರಿಗಿಂತ ಮೇಲೆ. ಸೀಟಿನ ಅಂಚಿನ ರಬ್ಬರ್ ಗಟ್ಟಿಯಾಗಿದ್ದರೆ ಬದಲಿಸುವುದು ಅಗ್ಗದ ಕೆಲಸ.

ಅನೇಕ ಹಳೆಯ ವಾಹನಗಳಲ್ಲಿ ಜೆಟ್‌ನ ಹರಿವೇ ಸಣ್ಣ ಕೊಳವೆಯಿಂದ ಒಳಗಿನ ನೀರನ್ನು ಹೀರಿ ಹೊರಹಾಕುವ ವ್ಯವಸ್ಥೆ ಇರುತ್ತದೆ. ಆ ಕೊಳವೆ ಮೇಲಕ್ಕೇರಿ ಬಾಗುವ ತುದಿಯಲ್ಲಿ ಒಂದು ಚಿಕ್ಕ ರಂಧ್ರವಿರುತ್ತದೆ. ಅದು ಸೋರಿಕೆಯಲ್ಲ, ನಿಂತಿರುವಾಗ ಕೆರೆಯ ನೀರು ಕೊಳವೆಯ ಮೂಲಕ ಒಳಗೆ ಎಳೆದುಕೊಳ್ಳದಂತೆ ಗಾಳಿ ಬಿಡಲು ಕಂಪನಿಯೇ ಇಟ್ಟ ರಂಧ್ರ. ಹೂಳಿನಿಂದ ಅದು ಕಟ್ಟಿಕೊಂಡಿದ್ದರೆ ತಂತಿ ಹಾಕಿ ಬಿಡಿಸಿ. ನಿಮ್ಮ ಎರಡು ಬಕೆಟ್ ನೀರು ಅಲ್ಲಿಂದಲೇ ಬರುತ್ತಿರಬಹುದು.

ಬ್ಯಾಟರಿ ಪಂಪ್ ಇದಾದ ಮೇಲಿನ ಮಾತು. ಗಂಟೆಗೆ ಸುಮಾರು 1,900 ಲೀಟರ್ ಎಂದು ಬರೆದಿರುವ 12 ವೋಲ್ಟಿನ ಬಿಲ್ಜ್ ಪಂಪ್ (ದೋಣಿಯ ತಳದ ನೀರು ಹೊರಹಾಕುವ ಪಂಪ್) ಸಾಕು, ಆದರೆ ನೀರನ್ನು ಮೇಲಕ್ಕೆತ್ತಬೇಕಾದಾಗ ಅಷ್ಟು ನೀರು ಬರುವುದಿಲ್ಲ. ಕಿಡಿ ಹೊರಬಾರದಂಥ, ದೋಣಿಗೆಂದೇ ಮಾಡಿದ ಪಂಪನ್ನೇ ಕೊಂಡು, ಫ್ಯೂಸ್ ಹಾಕಿ, ಹೊರಬಾಯಿಯನ್ನು ನೀರಿನ ಮಟ್ಟಕ್ಕಿಂತ ಸಾಕಷ್ಟು ಮೇಲಿಡಿ. ಸೋರಿಕೆ ಉಳಿಸಿಕೊಂಡು ಪಂಪನ್ನೇ ನಂಬುವುದು ನನಗೆ ಒಪ್ಪಿಗೆಯಿಲ್ಲ. ಬ್ಯಾಟರಿ ಮುಗಿದ ಕೂಡಲೇ ಆ ನಂಬಿಕೆಯೂ ಮುಗಿಯುತ್ತದೆ.

ಎಲ್ಲ ಮಾಡಿಯೂ ವಾಹನ ನೀರಿನಲ್ಲಿ ಕುಗ್ಗಿ ನಿಂತಿದ್ದರೆ, ತೇಲಲೆಂದು ತುಂಬಿದ ಫೋಮ್ ನೀರು ಕುಡಿದಿರಬಹುದು. ನಿಮ್ಮೂರಿನ ಯಾವುದಾದರೂ ರೈಸ್ ಮಿಲ್ಲಿನ ವೇಬ್ರಿಡ್ಜ್‌ನಲ್ಲಿ ಟ್ರೇಲರನ್ನು ವಾಹನದೊಂದಿಗೆ ಮತ್ತು ಬರಿದಾಗಿ ತೂಗಿಸಿ, ಪೆಟ್ರೋಲಿನ ಭಾರ ಕಳೆದು, ಕೈಪಿಡಿಯ ತೂಕಕ್ಕೆ ಹೋಲಿಸಿ. ನೆನೆದ ಫೋಮ್ ತೆಗೆದರೆ ಹೊಸದನ್ನು ತುಂಬಲೇಬೇಕು. ಇಲ್ಲದಿದ್ದರೆ ವಾಹನ ಮುಳುಗಿದಾಗ ತೇಲಿಸುವುದೇನೂ ಇರುವುದಿಲ್ಲ.

ಪ್ರಶ್ನೆಯಲ್ಲಿ ಕೇಳಿಲ್ಲವಾದರೂ ಒಂದು ಮಾತು: ಯಂತ್ರಚಾಲಿತ ಒಳನಾಡು ಜಲವಾಹನಗಳಿಗೆ 2021ರ ಕಾಯ್ದೆಯಂತೆ ನೋಂದಣಿ ಬೇಕು. ಅಣೆಕಟ್ಟಿನ ಬಳಿ ಇಳಿಸುವ ಮುನ್ನ ಅಧಿಕಾರಿಗಳ ಅನುಮತಿ ಕೇಳಿ. ನದಿಯ ಕೆಳಹರಿವಿನಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೂ ಇದೆ.

ಪ್ರಶ್ನೆ: ಕೃಷ್ಣಾ ನದಿಯಲ್ಲಿ ನಮ್ಮ ಹಳೆಯ ಜೆಟ್ ಸ್ಕೀ ಮಗುಚಿತು. ನೇರ ಮಾಡಿದ ಮೇಲೆ ಸ್ಟಾರ್ಟ್ ಆಗುತ್ತಿಲ್ಲ. ಏನು ಮಾಡಬೇಕು?
– ಓದುಗರೊಬ್ಬರು, ರಾಯಚೂರು

ಉತ್ತರ: ಸ್ಟಾರ್ಟರ್ ಒತ್ತುವುದನ್ನು ಈಗಲೇ ನಿಲ್ಲಿಸಿ. ನೀರು ಗಾಳಿಯಂತೆ ಕುಗ್ಗದ ಕಾರಣ, ಸಿಲಿಂಡರಿನಲ್ಲಿ ನೀರಿದ್ದಾಗ ಎಂಜಿನ್ ತಿರುಗಿಸಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಕಿಡಿ ಹಾರದಂತೆ ಅವುಗಳ ವೈರನ್ನು ಅರ್ಥ್‌ಗೆ ಸಿಕ್ಕಿಸಿ, ಆಮೇಲೆ ತಿರುಗಿಸಿ ನೀರನ್ನೆಲ್ಲ ಹೊರಗೆ ಹಾಕಿ. ಟ್ಯಾಂಕು ಮತ್ತು ಕಾರ್ಬುರೇಟರಿನ ತಳದ ನೀರನ್ನೂ ಬಸಿದು, ಸಿಲಿಂಡರಿಗೆ ಸ್ವಲ್ಪ ಟೂ-ಸ್ಟ್ರೋಕ್ ಎಣ್ಣೆ ಬಿಟ್ಟು, ಅದೇ ದಿನವೇ ಎಂಜಿನ್ ಓಡಿಸಬೇಕು. ಮರುದಿನಕ್ಕೆ ಬಿಟ್ಟರೆ ಬೇರಿಂಗ್‌ಗಳು ತುಕ್ಕು ಹಿಡಿಯಲು ಆರಂಭಿಸುತ್ತವೆ. ಮಗುಚಿದ ವಾಹನವನ್ನು ಯಾವ ಕಡೆಗೆ ಹೊರಳಿಸಬೇಕೆಂದು ಹಿಂಬದಿಯ ಸ್ಟಿಕ್ಕರಿನಲ್ಲಿ ಬಾಣದ ಗುರುತಿರುತ್ತದೆ. ಅದರ ವಿರುದ್ಧ ಹೊರಳಿಸಿದರೆ ಎಕ್ಸಾಸ್ಟ್ ಡಬ್ಬಿಯಲ್ಲಿರುವ ನೀರು ಎಂಜಿನ್ ಕಡೆಗೆ ಹರಿಯುತ್ತದೆ. ನಿಮ್ಮದರಲ್ಲಿ ಸ್ಟಿಕ್ಕರ್ ಅಳಿಸಿದ್ದರೆ ಕೈಪಿಡಿ ನೋಡಿ ಆ ಬಾಣವನ್ನು ಬಣ್ಣದಲ್ಲಿ ಬರೆಸಿ.