ವಿಜಯಪುರದಲ್ಲಿ ಐಸಿಂಗ್ ಇಲ್ಲದ ಕೇಕ್ ಮಾರಾಟವಾಗುತ್ತದೆಯೇ? ಬೋಳಾಗಿ ಕಾಣದಂತೆ ಮೇಲೆ ಏನು ಹಾಕಬೇಕು?

ಏನೂ ಹಾಕಬೇಡಿ. ನಾನೂ ಮೊದಲು ನೋಟದ ಚಿಂತೆಯಲ್ಲೇ ಮುಳುಗಿದ್ದೆ. ಪೆಟ್ಟು ಬಿದ್ದದ್ದು ಮಾತ್ರ ಫ್ರಿಜ್‌ನಿಂದ.

ಮನೆಯಲ್ಲೇ ಕೇಕ್ ಮಾಡಿ ಮಾರಲು ಶುರು ಮಾಡಿದಾಗ ಬೇಸಿಗೆ. ಬಿಸಿಲು 40 ಡಿಗ್ರಿ ದಾಟಿದರೆ ಕ್ರೀಮಿನ ಹೂವುಗಳು ಗಿರಾಕಿಯ ಮನೆ ಮುಟ್ಟುವ ಮೊದಲೇ ಇಳಿದುಹೋಗುತ್ತವೆ. ಹಾಗಾಗಿ ಐಸಿಂಗ್ ಕೈಬಿಟ್ಟು ಬರೀ ಬೆಣ್ಣೆ ಕೇಕ್ ಹಿಡಿದೆ. ಆ ನಿರ್ಧಾರ ಇಂದಿಗೂ ಸರಿಯೆಂದೇ ಹೇಳುತ್ತೇನೆ. ಪರಿಚಯದ ಕಾಕು ಒಬ್ಬರು ಮಗಳ ನಿಶ್ಚಿತಾರ್ಥಕ್ಕೆ ಚಹಾದ ಜೊತೆ ಕೊಡಲು ಕೇಕ್ ಹೇಳಿದರು. ಹಿಂದಿನ ದಿನವೇ ಬೇಯಿಸಿ, ಸೆಕೆಗೆ ಕೆಟ್ಟೀತೆಂದು ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟೆ. ಮರುದಿನ ಕಾಕು ಫೋನ್ ಮಾಡಿ, ‘ತಂಗಿ, ಹೋದ ವಾರದ್ದನ್ನು ಕಳಿಸಿದ್ದೀಯೇನು? ಬೀಗರ ಮುಂದೆ ತಲೆ ತಗ್ಗಿಸುವಂತಾಯಿತು’ ಎಂದರು. ಬಾಕಿ ಹಣ ಕೇಳಲು ನನಗೆ ಬಾಯಿ ಬರಲಿಲ್ಲ. ಆ ಬಳಗದಿಂದ ಮತ್ತೊಂದು ಆರ್ಡರ್ ಬರಲೂ ಇಲ್ಲ.

ಇದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಕೇಕ್ ಒಣಗಿತ್ತೆಂದೇ ಎಲ್ಲರೂ ತಿಳಿಯುತ್ತಾರೆ. ಬೇಯುವಾಗ ಮೈದಾದ ಪಿಷ್ಟ ನೀರು ಹೀರಿ ಉಬ್ಬಿ ಮೆತ್ತಗಾಗುತ್ತದೆ. ಆರಿದ ಮೇಲೆ ಅದೇ ಪಿಷ್ಟದ ಅಣುಗಳು ಮತ್ತೆ ಸಾಲುಗಟ್ಟಿ ಬಿಗಿಯಾಗುತ್ತವೆ. ಈ ಬಿಗಿತ ಅತಿ ಬೇಗ ನಡೆಯುವುದು ಫ್ರಿಜ್‌ನ ತಂಪಿನಲ್ಲಿ, ಶೂನ್ಯಕ್ಕಿಂತ ಕೆಲವೇ ಡಿಗ್ರಿ ಮೇಲೆ. ಮೈನಸ್ 18ರ ಫ್ರೀಜರ್‌ನಲ್ಲಿ ಅದು ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಸಾಲದ್ದಕ್ಕೆ ಬೆಣ್ಣೆಯೂ ಫ್ರಿಜ್‌ನಲ್ಲಿ ಗಡುಸಾಗುತ್ತದೆ. ಕ್ರೀಮ್ ಕೇಕಿನ ಒಳಗಿನ ಸ್ಪಂಜನ್ನು ಸಕ್ಕರೆ ಪಾಕದಲ್ಲಿ ನೆನೆಸಿರುತ್ತಾರೆ, ಮೇಲೆ ಕ್ರೀಮಿನ ಹೊದಿಕೆ ಬೇರೆ. ಆದ್ದರಿಂದ ಅದು ತಡೆದುಕೊಳ್ಳುತ್ತದೆ. ನಮ್ಮದಕ್ಕೆ ಅಂಥ ರಕ್ಷಣೆ ಯಾವುದೂ ಇಲ್ಲ. ಅಂದು ಮನೆಯಲ್ಲಿ ಉಳಿದಿದ್ದ ತುಂಡನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಬಿಸಿ ಮಾಡಿದೆ. ಬೆರಳಿನಿಂದ ಒತ್ತಿದರೆ ಪುಡಿಯಾಗುತ್ತಿದ್ದದ್ದು ಈಗ ತಗ್ಗಿ ಮತ್ತೆ ಮೇಲೆದ್ದಿತು. ಬರೀ ಒಣಗಿದ್ದರೆ ಹಾಗಾಗುತ್ತಿರಲಿಲ್ಲ.

ಹಾಗಾಗಿ ಕೇಕ್ ಪೂರ್ತಿ ಆರಿದ ಮೇಲೆ ಗಾಳಿಯಾಡದಂತೆ ಸುತ್ತಿ, ಮನೆಯ ತಂಪಾದ ಮೂಲೆಯಲ್ಲಿ ಹೊರಗೇ ಇಡಿ. ಕಡು ಬೇಸಿಗೆಯಲ್ಲಿ ಮಾಡಿದ ಮರುದಿನದೊಳಗೆ ಕೊಟ್ಟುಬಿಡಿ. ಮುಂಚೆಯೇ ಮಾಡಿಡಬೇಕಾದರೆ ಫ್ರೀಜರ್‌ನಲ್ಲಿಡಿ, ಫ್ರಿಜ್‌ನಲ್ಲಿ ಬೇಡ. ಆರೋಗ್ಯದ ಹೆಸರಿನಲ್ಲಿ ಸಕ್ಕರೆ ಅರ್ಧಕ್ಕಿಳಿಸಬೇಡಿ. ತೇವ ಹಿಡಿದಿಡುವುದು ಸಕ್ಕರೆಯೇ. ಇಂಗ್ಲೆಂಡಿನ ಪೌಂಡ್ ಕೇಕಿಗೆ ಆ ಹೆಸರು ಬಂದದ್ದು ಹಿಟ್ಟು, ಬೆಣ್ಣೆ, ಸಕ್ಕರೆ, ಮೊಟ್ಟೆ ಒಂದೊಂದು ಪೌಂಡ್, ಅಂದರೆ ಸುಮಾರು 454 ಗ್ರಾಂ, ಹಾಕುತ್ತಿದ್ದುದರಿಂದ. ಆ ಸಮಪಾಲು ಈಗಲೂ ನಂಬಬಹುದಾದ ಅಳತೆ. ಮೊಟ್ಟೆ ಬೇಡವೆನ್ನುವ ಮನೆಗಳಿಗೆ ನಾನು ಮೊಸರು, ಎಣ್ಣೆ ಹಾಕಿ ಬೇರೆ ಅಳತೆಯಲ್ಲಿ ಮಾಡುತ್ತೇನೆ. ಎಣ್ಣೆ ತಂಪಿನಲ್ಲಿಯೂ ಬೆಣ್ಣೆಯಷ್ಟು ಗಟ್ಟಿಯಾಗದ ಕಾರಣ ಅದು ಹೆಚ್ಚು ಹೊತ್ತು ಮೆತ್ತಗಿರುತ್ತದೆ. ಬೆಣ್ಣೆ, ಸಕ್ಕರೆ ನಾದುವುದನ್ನು ಬೆಳಗಿನ ಜಾವವೇ ಮುಗಿಸಿ. ಕರಗಿದ ಬೆಣ್ಣೆಯಲ್ಲಿ ಗಾಳಿ ನಿಲ್ಲುವುದಿಲ್ಲ.

ಇನ್ನು ಮಾರಾಟ. ಖಾರಿ, ಟೋಸ್ಟ್, ನಾನ್‌ಖಟಾಯಿ ಕೊಳ್ಳುವ ನಮ್ಮ ಜನ ಎಂದಾದರೂ ‘ಕ್ರೀಮ್ ಎಲ್ಲಿ?’ ಎಂದು ಕೇಳಿದ್ದಾರೆಯೇ? ನಿಮ್ಮ ಕೇಕಿನ ಜಾಗವೂ ಆ ಸಾಲಿನಲ್ಲೇ, ಚಹಾದ ಪಕ್ಕದಲ್ಲಿ. ಮೇಲೆ ಸಕ್ಕರೆ ಪುಡಿ ಉದುರಿಸಿ ಮುಚ್ಚುವುದಕ್ಕಿಂತ ಒಳಗಿನ ರುಚಿಗೆ ಖರ್ಚು ಮಾಡಿ. ಭೌಗೋಳಿಕ ಸೂಚಕ (ಜಿಐ ಮಾನ್ಯತೆ) ಪಡೆದ, ನಮ್ಮ ಜಿಲ್ಲೆಯದೇ ಆದ ಇಂಡಿ ಊರಿನ ಲಿಂಬೆ ಕೈಗೆಟಕುವಷ್ಟು ಹತ್ತಿರದಲ್ಲಿದೆ. ಅದರ ಹಸಿರು ಸಿಪ್ಪೆಯನ್ನು ಮಾತ್ರ ತುರಿದು, ಬಿಳಿ ಭಾಗ ತಗಲದಂತೆ, ಸಕ್ಕರೆಯೊಂದಿಗೆ ಕೈಯಲ್ಲಿ ಉಜ್ಜಿ ಹಿಟ್ಟಿಗೆ ಹಾಕಿ. ಓವನ್‌ನಿಂದ ತೆಗೆದ ಕೂಡಲೇ ಕಡ್ಡಿಯಿಂದ ಅಲ್ಲಲ್ಲಿ ಚುಚ್ಚಿ, ಲಿಂಬೆರಸದ ಬಿಸಿ ಪಾಕವನ್ನು ಚಮಚದಿಂದ ನಿಧಾನವಾಗಿ ಸುರಿಯಿರಿ. ಹುಟ್ಟುಹಬ್ಬಕ್ಕೆ ಹೆಸರು ಬರೆದ ಕೇಕ್ ಬೇಕೆನ್ನುವವರನ್ನು ಬೇರೆ ಬೇಕರಿಗೆ ಕಳಿಸಿಬಿಡಿ.